ನಡುವೆ ಇಪ್ಪತ್ತಮೂರು ಸಾಲು

"ನಂದು ನಾಲ್ಕು ಎ... ನಿಮ್ಮದು ಇಪ್ಪತ್ತೆಂಟು ಇ?!"

ನವಿ ಮುಂಬಯಿ ವಿಮಾನ ನಿಲ್ದಾಣದ ಸೆಕ್ಯೂರಿಟಿ ಲೈನಿನಲ್ಲಿ ಪೂಜಿತಾ ಎರಡೂ ಬೋರ್ಡಿಂಗ್ ಪಾಸ್‌ಗಳನ್ನು ಗಂಡನ ಮೂಗಿನ ಮುಂದೆ ಹಿಡಿದಳು.

ಲತೀಶ್ ಕಣ್ಣು ತಪ್ಪಿಸಿದ. "ಹ್ಞಾಂ... ಹಾಗೇ ಬಂದಿದೆ."

ಹಾಗೇ ಬಂದಿದೆಯಂತೆ!

ಮದುವೆಯಾಗಿ ಮೂರು ತಿಂಗಳು. ಡೊಂಬಿವಲಿಯಲ್ಲಿ ಒಂದು ಹಾಲ್, ಒಂದು ಕಿಚನ್. ಅದರಲ್ಲಿ ಅತ್ತೆ, ಮೈದುನ, ಇವರಿಬ್ಬರು. ಬೆಳಿಗ್ಗೆ ಬೇಲಾಪುರದ ಆಫೀಸಿಗೆ ಓಡುವ ಗಂಡ ರಾತ್ರಿ ಬಂದು, ಉಂಡು, ಮಲಗುತ್ತಿದ್ದ. ಅವಳ ಜೊತೆ ಆಡುತ್ತಿದ್ದ ಮಾತೆಂದರೆ "ಉಪ್ಪು ಕೊಡು", "ಫ್ಯಾನ್ ಜೋರು ಮಾಡು". ಅಷ್ಟೇ!

ಈಗ ಆಟಿ ತಿಂಗಳು ಬಂದಿತ್ತು. ತುಳುನಾಡಿನ ಪದ್ಧತಿಯಂತೆ ಹೊಸ ಮದುಮಗಳು ಆಟಿಯಲ್ಲಿ ತವರಿನಲ್ಲಿರಬೇಕು. ಅವಳನ್ನು ಕಾರ್ಕಳದಲ್ಲಿ ಬಿಟ್ಟು ಅವನು ಮರುದಿನವೇ ವಾಪಸ್ಸು.

ವಿಮಾನದಲ್ಲಿ ಒಂದೂವರೆ ಗಂಟೆ ಇಬ್ಬರೇ ಪಕ್ಕಪಕ್ಕ ಕೂರುತ್ತೇವೆ, ಆಗ ಕೇಳಿಯೇ ಬಿಡಬೇಕು ಅಂದುಕೊಂಡಿದ್ದಳು. ನಾನು ನಿಮಗೆ ಇಷ್ಟವಾ? ಇಲ್ಲ, ಅಮ್ಮ ಹೇಳಿದರೆಂದು ಕಟ್ಟಿಕೊಂಡದ್ದಾ? ಹದಿನೈದು ದಿನದಿಂದ ಮನಸ್ಸಿನಲ್ಲೇ ತಯಾರಿ ನಡೆದಿತ್ತು. ಈಗ ನಡುವೆ ಇಪ್ಪತ್ತಮೂರು ಸಾಲು!

"ಸೀಟಿಗೆ ಬೇರೆ ದುಡ್ಡು ಕೊಡ್ಬೇಕಲ್ವಾ? ಅದಕ್ಕೇ ಬೇಡ ಅಂತ ಬಿಟ್ರಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ "ಆಗೇ ಬಢೋ ಭಾಯ್!" ಎಂದು ತಳ್ಳಿದರು. ಮಾತು ಅಲ್ಲೇ ನಿಂತಿತು.

ಆಮೇಲೆ ಶುರುವಾಯಿತು ನೋಡಿ ಏರ್‌ಲೈನ್ಸಿನವರ ಕಾಟ! ಗೇಟಿನಲ್ಲಿ ಅವಳ ಕೈಚೀಲ ತೂಗಿದರು. ಏಳು ಕಿಲೋ ಮೇಲೆ ಎಂಟುನೂರು ಗ್ರಾಂ ಜಾಸ್ತಿ. ತಾಯಿಗೆಂದು ಕೊಂಡ ಶಾಲು, ಸ್ವೆಟರ್ ಎರಡನ್ನೂ ಮೈಮೇಲೆ ಹಾಕಿಕೊಳ್ಳಬೇಕಾಯಿತು. ಹತ್ತು ಗಂಟೆಯ ವಿಮಾನ ಹನ್ನೊಂದೂವರೆ ಆಯಿತು, ಆಮೇಲೆ ಒಂದು ಗಂಟೆ ಆಯಿತು. ಗೇಟು ಎರಡು ಸಲ ಬದಲಾಯಿತು. ಕೇಳಿದರೆ, "ಮಳೆ ಮೇಡಮ್." ಕಿಟಕಿಯಾಚೆ ಚುರುಚುರು ಬಿಸಿಲು!

"ಈಗ ಬಂದೆ" ಎಂದು ಹೋದ ಲತೀಶ್ ನಲವತ್ತು ನಿಮಿಷವಾದರೂ ಪತ್ತೆಯಿಲ್ಲ.

'ನನ್ನ ಪಕ್ಕ ಕೂರುವುದೂ ಬೇಡವಾಯಿತಾ...? ಸರಿ! ಇವತ್ತು ಉತ್ತರ ಸಿಗದಿದ್ದರೆ ಆಟಿ ಮುಗಿದ ಮೇಲೂ ನಾನು ಬರುವುದಿಲ್ಲ. ಅಮ್ಮನ ಮಗ ಆರಾಮಾಗಿರಲಿ!'

ಕಣ್ಣು ತುಂಬಿತು. ಎದ್ದು ಹುಡುಕುತ್ತಾ ಹೊರಟಳು.

ಗೇಟಿನ ಕೌಂಟರಿನಲ್ಲಿ ಯಾರೋ ಕಿರುಚುತ್ತಿದ್ದರು. ಆ ದನಿ...! ಮನೆಯಲ್ಲಿ ಉಪ್ಪನ್ನೂ ಮೆಲ್ಲಗೆ ಕೇಳುವ ಮನುಷ್ಯ!

"ತಿಂಗಳ ಹಿಂದೆಯೇ ಎರಡು ಸೀಟು ಒಟ್ಟಿಗೆ ತಗೊಂಡಿದ್ದೆ, ಮೇಡಮ್! ನಾಲ್ಕು ಎ, ನಾಲ್ಕು ಬಿ!" ಎಂದು ಹಿಂದಿಯಲ್ಲಿ ಕೂಗಾಡುತ್ತಿದ್ದ ಲತೀಶ್.

"ವಿಮಾನವೇ ಬದಲಾಗಿದೆ ಸರ್. ಹೊಸ ಸೀಟು ಸಿಸ್ಟಮ್ಮೇ ಹಾಕಿದ್ದು. ಏಳು ದಿನದಲ್ಲಿ ರಿಫಂಡ್ ಬರುತ್ತದೆ" ಎಂದಳು ಕೌಂಟರಿನ ಹುಡುಗಿ.

"ರಿಫಂಡ್ ನಹೀಂ ಚಾಹಿಯೇ! ಬೀವಿ ಕೇ ಬಾಜೂ ಮೇಂ ಬೈಠನಾ ಹೈ!"

ಹೆಂಡತಿಯ ಪಕ್ಕವೇ ಕೂರಬೇಕಂತೆ! ಇಡೀ ಗೇಟು ತಿರುಗಿ ನೋಡಿತು. ಲೈನಿನಲ್ಲಿದ್ದ ಮರಾಠಿ ಅಜ್ಜಿಯೊಬ್ಬರು "ಕೊಡಮ್ಮಾ ಸೀಟು, ಪಾಪ!" ಎಂದು ಕೌಂಟರಿನವಳನ್ನು ಗದರಿದರು. ತಿರುಗಿದ ಲತೀಶ್‌ಗೆ ಹೆಂಡತಿ ಕಂಡಳು. ಅವನ ಕಿವಿ ಕೆಂಪಾಯಿತು.

"ಯಾಕೆ ನನಗೆ ಹೇಳ್ಲಿಲ್ಲ?" ಪೂಜಿತಾ ಹತ್ತಿರ ಬಂದಳು.

"ನಿಂದು ಫಸ್ಟ್ ಟೈಮ್ ವಿಮಾನ. ಕಿಟಕಿ ಪಕ್ಕ ಕೂರಿಸಿ ಸರ್‌ಪ್ರೈಜ್ ಕೊಡ್ಬೇಕು ಅಂತಿದ್ದೆ. ಬೆಳಿಗ್ಗೆ ನೋಡಿದ್ರೆ ಇವರು ಪೂರಾ ವಾಟ್ ಲಗಾ ದಿಯಾ, ಎಲ್ಲ ಹಾಳು ಮಾಡಿಬಿಟ್ರು. ಯಾವ ಮುಖದಲ್ಲಿ ಹೇಳ್ಲಿ?"

"ಮತ್ತೆ ಮೂರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡದ್ದು? ಅದಕ್ಕೂ ಏರ್‌ಲೈನ್ಸೇ ಕಾರಣವಾ?"

"ಅರೇ! ನಿನ್ನ ಹತ್ರ ಬಾಯಿ ತೆಗೆದ ಕೂಡ್ಲೇ ಅಮ್ಮ ಟಿವಿ ಸೌಂಡ್ ಕಮ್ಮಿ ಮಾಡ್ತಾರೆ. ನೀನು ನೋಡೇ ಇಲ್ವಾ?"

ಪೂಜಿತಾಗೆ ತಡೆಯಲಾಗದೆ ನಗು ಬಂತು. ನಗುತ್ತಲೇ ಅಳು ಬಂತು.

"ನಿಮ್ಮನ್ನು ಒಂದು ಕೇಳ್ಬೇಕಿತ್ತು... ಅಮ್ಮ ಹೇಳಿದ್ರು ಅಂತ ನನ್ನನ್ನು ಮದುವೆಯಾದದ್ದಾ?"

"ಅಮ್ಮನಿಗೆ ಡೌಟ್ ಇತ್ತು, ಹುಡುಗಿ ತುಂಬ ಮಾತಾಡ್ತಾಳೆ ಅಂತ. ಇವಳೇ ಬೇಕು ಅಂತ ಹಟ ಹಿಡಿದದ್ದು ನಾನು." ಅವನು ಅವಳ ಕೈ ಹಿಡಿದ. ಇಷ್ಟು ಜನರ ಮುಂದೆ! "ನೀನು ನನಗೆ ಇಷ್ಟ, ಪೂಜಿ. ತುಂಬಾ ಇಷ್ಟ. ಈ ಒಂದು ತಿಂಗಳು ಹೇಗೆ ಕಳೀಲಿ ಅಂತಾನೇ ಗೊತ್ತಾಗ್ತಾ ಇಲ್ಲ."

ಸೀಟು ಮಾತ್ರ ಕೊನೆಗೂ ಸಿಗಲಿಲ್ಲ. ಬೋರ್ಡಿಂಗ್ ಶುರುವಾಯಿತು. ಜನ ಮುನ್ನುಗ್ಗಿದರು. ಇವರಿಬ್ಬರೂ ಎಲ್ಲರಿಗಿಂತ ಹಿಂದೆ ನಿಂತರು.

"ಆಟಿ ಮುಗಿದ ಮರುದಿನವೇ ಕರ್ಕೊಂಡು ಹೋಗ್ಲಿಕ್ಕೆ ಬರ್ತೇನೆ. ಟಿಕೆಟ್ ಇವತ್ತೇ ಬುಕ್ ಮಾಡ್ತೇನೆ."

"ಇದೇ ವಿಮಾನದಲ್ಲಾ?"

"ಬೇಗ ಮುಟ್ತೇವಲ್ಲ..."

"ಬೇಗ ಮುಟ್ಟಿ ಎಂತ ಮಾಡ್ಲಿಕ್ಕುಂಟು? ರೈಲಲ್ಲಿ ಬರುವ. ಹದಿನಾಲ್ಕು ಗಂಟೆ!"

ಲತೀಶ್ ನಕ್ಕುಬಿಟ್ಟ. "ಮತ್ತೆ ರೈಲು ಲೇಟಾದ್ರೆ?"

ಪೂಜಿತಾ ಅವನ ತೋಳಿಗೆ ಒರಗಿದಳು.

"ಆಗ್ಲಿ ಮಾರಾಯ್ರೆ!"