ಐದನೆಯ ಕಾಯಿಲ್

ಟೆಸ್ಟಿಂಗಿನ ಸಿದ್ದಲಿಂಗೇಶ ತೀರಿಕೊಂಡ ಸುದ್ದಿ, ಜನ ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರುಗಳ ರಾಣೆಬೆನ್ನೂರಿನ ರಿಪೇರಿ ಕಾರ್ಖಾನೆಗೆ ಬಂದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಮೋಟೆಬೆನ್ನೂರಿನ ಹತ್ತಿರ ಅವನ ಬೈಕಿಗೆ ಲಾರಿ ಬಡಿದಿತ್ತು. ಫೋನು ಕೆಳಗಿಟ್ಟ ಮಾಲೀಕ ಪ್ರಭುಲಿಂಗಪ್ಪ ಹಣೆಯ ವಿಭೂತಿ ಮುಟ್ಟಿಕೊಂಡು "ಶಿವಾ, ಶಿವಾ" ಎಂದ. ಅದೇ ಉಸಿರಿನಲ್ಲಿ "ಬ್ಯಾಡಗಿ ಟಿಸಿ ಚಾಲೂ ಆತೇನ ಕೇಳ್ರಿ" ಎಂದ. ದೇವರ ಹೆಸರನ್ನು ಬಾಯಿ ಒರೆಸಿಕೊಳ್ಳುವ ಟವೆಲಿನಂತೆ ಬಳಸುವವರು ಇರುತ್ತಾರೆ. ಆತ ಅಂಥವನು.

ತಂತಿ ಸುತ್ತುವ ಯಂತ್ರದ ಮುಂದೆ ಕುಳಿತಿದ್ದ ಶ್ರೀದೇವಿ ಅಳಲಿಲ್ಲ. ಕಾಲು ಪೆಡಲಿನ ಮೇಲೆಯೇ ಇತ್ತು. ಸುತ್ತಿನ ಎಣಿಕೆ ನಾನೂರ ಹನ್ನೆರಡಕ್ಕೆ ನಿಂತಿತ್ತು.

ಎರಡು ವರ್ಷದ ಹಿಂದೆ, ಡಿಪ್ಲೊಮಾ ಮುಗಿಸಿ ಟೆಸ್ಟಿಂಗಿಗೆ ಬಂದ ಮೊದಲ ದಿನವೇ ಸಿದ್ದಲಿಂಗೇಶ ಅವಳು ಸುತ್ತಿದ ತಂತಿಯ ಕಾಯಿಲನ್ನು ಕೈಯಲ್ಲಿ ತಿರುಗಿಸಿ ನೋಡಿ ಮೂಗು ಮುರಿದಿದ್ದ.

"ಇದನ್ನ ಯಾರು ಸುತ್ಯಾರ? ಕೈಲೆ ಸುತ್ಯಾರೋ, ಕಾಲಿಲೆ ಸುತ್ಯಾರೋ?"

"ಯಾಕ್ರೀ ಸಾಹೇಬ್ರ, ಕೈ ಯಾವುದು ಕಾಲು ಯಾವುದು ಅನ್ನೂದನ್ನ ಡಿಪ್ಲೊಮಾದಾಗ ಹೇಳಿಕೊಡಲಿಲ್ಲೇನು?"

ಮುದುಕ ಫಿಟರ್ ಫಕ್ಕೀರಸಾಬ ಸ್ಪ್ಯಾನರ್ ಕೆಳಗೆ ಹಾಕಿ ನಕ್ಕಿದ್ದ. ಆದರೆ ಕಾಯಿಲ್ ನಿಜಕ್ಕೂ ಕೆಟ್ಟಿತ್ತು.

ಟ್ರಾನ್ಸ್‌ಫಾರ್ಮರಿನ ಒಳಗಿನ ಒಂದೊಂದು ಕಬ್ಬಿಣದ ಕಂಬಕ್ಕೂ ಎಂಟು ಕಾಯಿಲ್, ಒಂದರ ಮೇಲೊಂದು. ಸಿದ್ದಲಿಂಗೇಶ ಅವುಗಳ ಒಳಸುತ್ತಿನ ತಂತಿಗೆ ಸ್ವಲ್ಪವೇ ಕರೆಂಟು ಕೊಟ್ಟು, ಮೇಲಿನ ಎಂಟನ್ನೂ ಬೇರೆಬೇರೆಯಾಗಿ ಅಳೆಯುತ್ತಿದ್ದ. ಎಲ್ಲವೂ ಸಮ ತೋರಿಸಬೇಕು. ಯಾವುದು ಕಡಿಮೆ ತೋರಿಸಿತೋ ಅದರೊಳಗೆ ಎಲ್ಲೋ ತಂತಿಗೆ ತಂತಿ ಕೂಡಿದೆ ಎಂದೇ ಅರ್ಥ. ಆ ಕಾಯಿಲಿಗೆ ಅವನು ಕೆಂಪು ಪಟ್ಟಿ ಕಟ್ಟುತ್ತಿದ್ದ. ಸುತ್ತಿದವರೇ ಆ ಗಂಟು ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಅದು ಆ ಕಾರ್ಖಾನೆಯ ಪದ್ಧತಿ.

ಎರಡು ವರ್ಷದಲ್ಲಿ ಅವಳ ಕಾಯಿಲಿಗೆ ಏಳು ಸಲ ಪಟ್ಟಿ ಬಿತ್ತು. ಏಳು ಸಲವೂ ಬಿಚ್ಚಿದಾಗ ಅವನು ಹೇಳಿದಲ್ಲೇ ತಪ್ಪು ಸಿಕ್ಕಿತು. ಮೊದಮೊದಲು ಎತ್ತು ಕಟ್ಟುವ ಗಂಟಿನಂತೆ ಬಿಗಿಯುತ್ತಿದ್ದವನು ಬರಬರುತ್ತ ಹೂಮಾಲೆಯ ಗಂಟಿನಷ್ಟು ಹಗುರ ಮಾಡಿದ. ಕಟ್ಟುವಾಗ ಕಣ್ಣು ಮಾತ್ರ ಗಂಟಿನ ಮೇಲಿರುತ್ತಿರಲಿಲ್ಲ.

"ನೋಡಿ ಕಟ್ರಿ, ಬೆರಳು ಸಿಗ್ತೈತಿ."

"ಸಿಗಲಿ ಬಿಡು. ಬಿಚ್ಚಾಕ ನೀ ಅದೀಯಲ್ಲ."

ಈ ಸಲದ ಸಂಕ್ರಾಂತಿಯ ಮರುದಿನ ಹಾವೇರಿಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದುಕೊಟ್ಟ.

"ಅವ್ವ ಕಳಿಸ್ಯಾಳ. ನಮ್ಮೂರು ಮೇಡ್ಲೇರಿಗೆ ಯಾವಾಗ ಬರ್ತಿ ಅಂತ ಕೇಳಾಕತ್ತಾಳ."

"ಕೇಳಾಕತ್ತವರು ನಿಮ್ಮವ್ವನೋ, ನೀವೋ?"

ಅವನ ಕಿವಿ ಕೆಂಪಾದದ್ದನ್ನು ಅವಳು ಕಣ್ಣು ತುಂಬ ನೋಡಿದಳು.

ಬಳೆ ತೊಟ್ಟು ತಂತಿ ಸುತ್ತಬಾರದು. ಅದು ಅವಳಿಗೆ ಗೊತ್ತಿಲ್ಲದ ಮಾತಲ್ಲ. ಆದರೂ ತೆಗೆದಿಡಲು ಮನಸ್ಸು ಬರಲಿಲ್ಲ. ಸುತ್ತುತ್ತಿರುವಾಗ ಒಂದು ಬಳೆ ಯಂತ್ರಕ್ಕೆ ಬಡಿದು ಒಡೆಯಿತು. ಚೂರು ಗುಡಿಸಿ ಹಾಕಿ, ಯಾರಿಗೂ ಹೇಳದೆ ಸುತ್ತು ಮುಗಿಸಿದಳು.

ಆ ಕಾಯಿಲ್ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಿಂದ ರಿಪೇರಿಗೆ ಬಂದಿದ್ದ ಟಿಸಿಯೊಳಗೆ ಸೇರಿತು. ಸಾಯುವ ಎರಡು ದಿನ ಮೊದಲು, ಶನಿವಾರ, ಸಿದ್ದಲಿಂಗೇಶ ಅಳೆದು ನೋಡಿ, "ಐದನೇದು ಹೋಗೈತಿ" ಎಂದ.

"ನಿಮ್ಮ ಮೀಟರ್ ಹೋಗೈತಿ."

ಅವನು ದನಿ ತಗ್ಗಿಸಿ ಅವಳ ಮುಂಗೈ ನೋಡಿದ. "ಬಳಿ ತಗದು ಸುತ್ತಿದ್ದೇನು?"

ಯಾರ ಪ್ರೀತಿಗಾಗಿ ತೆಗೆಯಲಿಲ್ಲವೋ ಅವನೇ ಅದನ್ನು ಕೇಳಬೇಕೆ? ಅವಳಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರಿಗೂ ಕೇಳುವಂತೆ, "ನನ್ನ ಕಾಯಿಲ್ ಚೊಲೋ ಐತಿ. ಇವರಿಗೆ ತಪ್ಪು ಹುಡುಕೂದು ಒಂದು ಚಟ!" ಎಂದಳು.

ಅವನು ಪಟ್ಟಿ ಕಟ್ಟಿದ. "ಸೋಮವಾರ ಬಿಚ್ಚಿ ನೋಡು. ಆಮ್ಯಾಲೆ ಬೇಕಾದಷ್ಟು ಬೈ."

"ಸೋಮವಾರ ನಿಮ್ಮ ಮಾರಿನೂ ನೋಡೂದಿಲ್ಲ."

ಭಾನುವಾರ ಪ್ರಭುಲಿಂಗಪ್ಪ, ಬಿಚ್ಚಿ ನೋಡುವವರೆಗೆ ಕಾಯದೆ, ಪಟ್ಟಿಯ ಸಮೇತ ಆ ಟಿಸಿಯನ್ನು ಎಣ್ಣೆಯ ತೊಟ್ಟಿಗಿಳಿಸಿ, ಮುಚ್ಚಿ, ಬ್ಯಾಡಗಿಗೆ ಕಳಿಸಿಬಿಟ್ಟ. ಸೋಮವಾರ ಬೆಳಿಗ್ಗೆ ಅದು ತಿಳಿದೊಡನೆ ಸಿದ್ದಲಿಂಗೇಶ, ಅಲ್ಲಿ ಯಾರೂ ಫೋನು ಎತ್ತದ್ದರಿಂದ, ಕರೆಂಟು ಕೊಡುವುದನ್ನು ತಡೆಯಲು ಬೈಕು ಹತ್ತಿ ಓಡಿದ. ಅವನು ಬ್ಯಾಡಗಿ ಮುಟ್ಟಲಿಲ್ಲ. ಅಲ್ಲಿ ಕರೆಂಟು ಕೊಟ್ಟ ಗಳಿಗೆಗೇ ಫ್ಯೂಜು ಸಿಡಿದು ಟಿಸಿ ಸತ್ತಿತು.

ತಿರುಗಿ ಬಂದ ಟಿಸಿಯ ಮುಂದೆ ನಿಂತು ಪ್ರಭುಲಿಂಗಪ್ಪ, "ಟೆಸ್ಟ್ ಮಾಡಿದವ ಅವ. ತಪ್ಪು ಅವಂದ" ಎಂದು ಬಂದವರಿಗೆಲ್ಲ ಹೇಳಿದ. ಸತ್ತವನು ಎದ್ದು ಬಂದು ಎದುರಾಡುವುದಿಲ್ಲ ಎಂಬ ಧೈರ್ಯ. ಇಂಥ ಧೈರ್ಯಕ್ಕೆ ಗಂಡಸುತನ ಬೇಕಿಲ್ಲ.

ಸಾವಿನ ಐದನೆಯ ದಿನ ಸಿದ್ದಲಿಂಗೇಶನ ತಾಯಿ ಪ್ರೇಮವ್ವ ಮೇಡ್ಲೇರಿಯಿಂದ ಬಂದಳು. "ನನ್ನ ಮಗ ತಪ್ಪು ಮಾಡಿದ್ನೇನ್ರಿ?" ಇಷ್ಟೇ ಕೇಳಿದಳು.

"ಹೋಗ್ಲಿ ಬಿಡಬೇ, ಸಣ್ಣ ವಯಸ್ಸು. ನಾ ಏನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ" ಎಂದ ಆ ದೊಡ್ಡ ಮನುಷ್ಯ.

ಶ್ರೀದೇವಿ ಎದ್ದಳು. "ಕಾಕಾ, ಟಿಸಿ ಎತ್ತರಿ."

ಫಕ್ಕೀರಸಾಬ ಸರಪಳಿ ಎಳೆದ. ಎಣ್ಣೆ ಸುರಿಸುತ್ತ ಮೇಲೆ ಬಂದ ಕಂಬದ ಐದನೆಯ ಕಾಯಿಲಿನ ಮೇಲೆ ಕೆಂಪು ಪಟ್ಟಿ ಹಾಗೆಯೇ ಇತ್ತು.

ಪ್ರಭುಲಿಂಗಪ್ಪ ನಕ್ಕ. "ಸಿಟ್ಟಿಲೆ ಕಟ್ಟಿದ್ದದು. ಕಾಯಿಲ್ ಚೊಲೋ ಐತಿ ಅಂತ ಎಲ್ಲಾರ ಮುಂದ ನೀನ ಅಂದಿಲ್ಲೇನು?"

ಅವಳ ಮಾತೇ ಅವನಿಗೆ ಗುರಾಣಿಯಾಗಿತ್ತು. ಅದು ನಿಂತರೆ ಸತ್ತವನು ಸುಳ್ಳನಾಗುತ್ತಾನೆ. ಅದು ಬಿದ್ದರೆ ಅವಳ ಕೈಗಿದ್ದ ಹೆಸರು ಹೋಗುತ್ತದೆ. ಅವಳು ಸಿದ್ದಲಿಂಗೇಶನ ಮೀಟರ್ ತೆಗೆದುಕೊಂಡು, ಅವನು ಮಾಡುತ್ತಿದ್ದಂತೆಯೇ ಅಳೆದಳು. ಐವತ್ತೈದು, ಐವತ್ತೈದು, ಐವತ್ತೈದು, ಐವತ್ತೈದು. ಐದನೆಯದರಲ್ಲಿ ಮುಳ್ಳು ನಲವತ್ತೊಂಬತ್ತರಲ್ಲಿ ನಿಂತಿತು.

"ಬ್ಯಾಡಗಿಯೊಳಗ ಸುಟ್ಟಿರಬೇಕು" ಎಂದ ಪ್ರಭುಲಿಂಗಪ್ಪ.

ಫಕ್ಕೀರಸಾಬ ಕತ್ತರಿ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ಎಣ್ಣೆ ಕುಡಿದು ಬಿಗಿದಿದ್ದ ಗಂಟನ್ನು ಉಗುರಿನಿಂದ ಸಡಿಲಿಸಿ ಬಿಚ್ಚಿದಳು. ಕಾಯಿಲನ್ನು ಇಳಿಸಿಕೊಂಡು ಒಂದು ಪದರ, ಎರಡು ಪದರ ಬಿಚ್ಚಿದಳು. ಮೂರನೆಯದರಲ್ಲಿ ಕಾಗದ ಕಪ್ಪಾಗಿತ್ತು. ಆ ಕಪ್ಪಿನ ನಡುವೆ, ತಂತಿಯ ಮೈಗೆ ಚುಚ್ಚಿಕೊಂಡು, ಅಕ್ಕಿಕಾಳಿಗಿಂತ ಸಣ್ಣ ಹಸಿರು ಗಾಜಿನ ಚೂರು.

"ಬ್ಯಾಡಗಿಯೊಳಗ ಬಳಿ ಯಾರು ತೊಟ್ಟಿದ್ರು, ಮಾಲಕ್ರ?" ಎಂದಳು. "ತಪ್ಪು ನಂದು. ಅವ್ರು ಕಂಡುಹಿಡಿದಿದ್ರು. ಮುಚ್ಚಿ ಕಳಿಸಿದವರು ನೀವು."

ಪ್ರಭುಲಿಂಗಪ್ಪ ವಿಭೂತಿ ಮುಟ್ಟಿಕೊಂಡ. ಈ ಸಲ ಶಿವನ ಹೆಸರು ಬಾಯಿಗೆ ಬರಲಿಲ್ಲ.

ಅವಳು ಪ್ರೇಮವ್ವನ ಕಾಲು ಹಿಡಿದಳು. "ಅತ್ತಿ, ನೀವು ಕಳಿಸಿದ ಬಳಿ ತಗದಿಡಾಕ ಮನಸ್ಸಾಗಲಿಲ್ಲ. ಅದಕ್ಕ ಹಿಂಗಾತು."

"ನಾ ಎಲ್ಲಿ ಕಳಿಸಿದ್ದೆ ಮಗಳ?" ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಅವನೇ ಆರಿಸಿ ತಂದಿರಬೇಕು."

ಆಗ ಶ್ರೀದೇವಿ ಅತ್ತಳು. ಬಿಚ್ಚಿದ ಪಟ್ಟಿ ಅವಳ ಮುಷ್ಟಿಯಲ್ಲಿತ್ತು.

ಶಿವನೇ, ಅವನು ಕಟ್ಟಿದ ಗಂಟುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ತಪ್ಪು ಹುಡುಕಿ ಹುಡುಕಿ ದಣಿದ ಆ ಕೈಗಳಿಗೆ ನಿನ್ನ ಪಾದದಲ್ಲಿ ಬಿಡುವು ಕೊಡು. ಅವಳು ಅಂದ ಕೊನೆಯ ಮಾತು ಅವನ ಕಿವಿಯಲ್ಲಿ ಉಳಿಯದಿರಲಿ. ಅವನ ಆತ್ಮಕ್ಕೆ ಶಾಂತಿ ಸಿಗಲಿ.