ಕವಲಗಟ್ಟಿ ಸ್ಟೇಷನ್ನಿನ ಊಟದ ಗಂಟೆ

“ರೀ! ಆ ಗಂಟಿ ಮುಟ್ಟಬ್ಯಾಡ್ರಿ!”

ಚಿನ್ಮಯೀ ಬೆಚ್ಚಿಬಿದ್ದಳು. ಮಧ್ಯಾಹ್ನ ಹನ್ನೆರಡಾಗಿತ್ತು, ಗಂಟೆ ಬಾರಿಸಲೇಬೇಕಿತ್ತು. ಬಾಗಿಲಲ್ಲಿ ನಿಂತವನ ಬಿಳಿ ಸಮವಸ್ತ್ರದ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

“ಹನ್ನೊಂದು ವರ್ಷದಿಂದ ನಾನೇ ಬಾರಸ್ತೇನಿ. ಕೇಳಾಕ ನೀವ್ಯಾರ್ರೀ?”

“ಹೊಸಾ ಸ್ಟೇಷನ್ ಮಾಸ್ತರ್ ರೀ... ಅಮರೇಶ.”

ಹುಬ್ಬಳ್ಳಿ ಹತ್ತಿರದ ಈ ಸ್ಟೇಷನ್ ಮುಚ್ಚಿದ ಮೇಲೆ ಅದರ ಗೋದಾಮಿನಲ್ಲಿ ಚಿನ್ಮಯೀ ಮತ್ತವಳ ಗುಂಪಿನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಹಿಂದೆ ಗಾಡಿ ಬಿಡಲು ಬಾರಿಸುತ್ತಿದ್ದ ಈ ಗಂಟೆಯೇ ಈಗ ಅವರನ್ನು ಊಟಕ್ಕೆ ಕರೆಯುತ್ತಿತ್ತು. ಈಗ ಪ್ರವಾಸಿಗರಿಗಾಗಿ ಹುಬ್ಬಳ್ಳಿಯಿಂದ ಹಳೆಯ ಉಗಿಬಂಡಿ ಓಡಲಿತ್ತು. ಕವಲಗಟ್ಟಿಯೇ ಅದರ ಕೊನೆಯ ನಿಲ್ದಾಣ!

ಗಂಟೆಗಾಗಿ ದಿನಾ ಜಗಳ. ಜಗಳ ಮುಗಿದ ಮೇಲೆ ಅವನ ಮೇಜಿಗೆ ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಅವನು ಬಾರದ ರವಿವಾರ ಯಾರ ಮೇಲೆ ಸಿಟ್ಟು ಮಾಡುವುದೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

‘ಪ್ರೀತಿ ಅಂದ್ರ ಇದೇ ಏನು...’

ಉದ್ಘಾಟನೆಯ ಹಿಂದಿನ ದಿನ ಆ ಮೇಜಿನ ಮೇಲೆ ವರ್ಗಾವಣೆಯ ಅರ್ಜಿ ಕಂಡಿತು.

“ನಾಳೆ ಮೊದಲನೇ ಗಾಡಿಗೆ ಹುಬ್ಬಳ್ಳಿಗೆ ಹೋಗಿ ಕೊಡ್ತೇನ್ರಿ,” ಎಂದ ಅಮರೇಶ, ಅವಳ ಮುಖ ನೋಡದೆ.

“ಹೋಗ್ರಿ! ನನ್ನ ಗಂಟಿಗೂ ಆರಾಮ!”

ಹಾಗೆಂದವಳು ಗೋದಾಮಿನ ಹಿಂದೆ ನಿಂತು ಅತ್ತಳು.

ಮರುದಿನ ರೈಲು ಹೊಗೆ ಉಗುಳುತ್ತಾ ನಿಂತಿತ್ತು. ಅತಿಥಿಗಳ ಭಾಷಣ ಮುಗಿಯುವ ಲಕ್ಷಣವಿರಲಿಲ್ಲ. ಅಮರೇಶ ಹಾರ ಹಿಡಿದು ಕಾಯುತ್ತಿದ್ದ.

ಢಣ್! ಢಣ್! ಢಣ್!

ಚಾಲಕ ಯಾಕೂಬಸಾಬರು ಹಳೇ ಕಾಲದವರು. ಗಂಟೆ ಬಿದ್ದರೆ ಗಾಡಿ ಬಿಡಬೇಕು, ಅಷ್ಟೇ ಗೊತ್ತು. ಖಾಲಿ ಡಬ್ಬಿಗಳನ್ನು ಎಳೆದುಕೊಂಡು ಹೊರಟೇಬಿಟ್ಟರು! ಅತಿಥಿಗಳು ಕತ್ತರಿಸಲೆಂದು ಹಳಿಗೆ ಅಡ್ಡ ಕಟ್ಟಿದ್ದ ರಿಬ್ಬನ್ನನ್ನು ಎಂಜಿನ್ನೇ ಹರಿದುಹಾಕಿತು. ಅತಿಥಿಗಳ ಕೈಯಲ್ಲಿ ಬರೀ ಕತ್ತರಿ ಉಳಿಯಿತು.

ಅಮರೇಶ ಗಂಟೆಯ ಬಳಿ ಓಡಿಬಂದ. “ಏನ್ ಮಾಡಿದ್ರೀ ಇದು!”

“ತಪ್ಪಾತ್ರಿ... ಊಟದ ಹೊತ್ತಾತಲ್ಲ, ರೂಢಿ ಮ್ಯಾಲೆ ಕೈ ಹೋತು.”

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ರೊಟ್ಟಿ ಗುಂಪಿನ ಕಾಳವ್ವ ಬಂದಳು. “ಏ ಚಿನ್ಮಯೀ, ಹುಚ್ಚು ಹಿಡದೈತೇನ? ಈಗಿನ್ನೂ ಹನ್ನೊಂದೂವರಿ! ಪಲ್ಯಾ ಸೈತ ಆಗಿಲ್ಲ!”

ಚಿನ್ಮಯೀ ತಲೆ ತಗ್ಗಿಸಿದಳು. ಅಮರೇಶ ಗಡಿಯಾರ ನೋಡಿದ, ಆಮೇಲೆ ಅವಳನ್ನು ನೋಡಿದ.

“ದಿನಾ ಬೈತಿದ್ರಿ... ನಾ ನಿಮಗ ಬ್ಯಾಡಾಗೇನಿ ಅಂತ ತಿಳಕೊಂಡಿದ್ದೆ.”

“ಬ್ಯಾಡಾದವ್ರಿಗೆ ಯಾರರ ಬಿಸಿ ರೊಟ್ಟಿ ಕೊಡ್ತಾರೇನ್ರಿ?” ಅವಳ ಕಣ್ಣು ತುಂಬಿತು. “ನೀವಂದ್ರ ನನಗ ಜೀವ ರೀ...”

ಅವನು ಜೇಬಿನಿಂದ ಅರ್ಜಿ ತೆಗೆದು ಅವಳ ಕೈಗಿಟ್ಟ. “ಒಲಿಗೆ ಹಾಕ್ರಿ. ನನಗೂ ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ.”

“ಗಾಡಿ ಎರಡಕ್ಕ ತಿರುಗಿ ಬರತೈತಿ. ಹತ್ತಂಗಿಲ್ಲಲ್ಲ?”

“ಹತ್ತಾಕ ಹೋದ್ರ?”

“ನೀವು ಹತ್ತೂದಕ್ಕಿಂತ ಮೊದಲ ಬಾರಸ್ತೇನಿ!”