ನಾಲ್ಕನೇ ಸಾಲಿನ ಚಿತ್ತು

ಹೊಲಿಗೆಯಾಕೆ ನಮ್ಮ ಕೋಣೆಗೆ ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಅಳತೆಪಟ್ಟಿ ಕೊರಳಲ್ಲೇ ನೇತಾಡುತ್ತಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು.

"ಅಕ್ಕಾ, ನನ್ನನ್ನ ಕಳ್ಳಿ ಅಂದ್ರು," ಎಂದಳು. "ನಾಲ್ಕು ಸಾಲಿಗೆ."

ಹೇಳಿದ್ದು ಅತ್ತಿಗೆಗೆ, ನನಗಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮತ್ತು ನಾನು ಮುದ್ರಣಾಲಯದ ಮೇಲಿನ ಎರಡು ಕೋಣೆಗಳಲ್ಲಿ ಇದ್ದೆವು. ಮೂವತ್ತು ವರ್ಷದಿಂದ ಅವರು ಅಲ್ಲಿ ಕರಡು ತಿದ್ದುತ್ತಿದ್ದರು. ಎದುರಿಗೆ ಎಲ್ಲರೂ "ಅಮ್ಮ" ಎನ್ನುತ್ತಿದ್ದರು, ಬೆನ್ನ ಹಿಂದೆ "ಕರಡಿ" ಎನ್ನುತ್ತಿದ್ದರು. ಅಚ್ಚಿನ ತಪ್ಪಿನಷ್ಟೇ ಸಲೀಸಾಗಿ ಮನುಷ್ಯರ ತಪ್ಪನ್ನೂ ಹಿಡಿಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು.

ಸಂಗತಿ ಹೀಗಿತ್ತು. ವಾಚನಾಲಯದಲ್ಲಿ ಒಬ್ಬ ಮೇಷ್ಟ್ರು ವಾರಕ್ಕೊಮ್ಮೆ ಕವಿತೆ ಬರೆಯುವುದನ್ನು ಕಲಿಸುತ್ತಿದ್ದರು. ಅವರ ಶಿಷ್ಯರ ಸಂಕಲನವೊಂದು ನಮ್ಮಲ್ಲಿ ಅಚ್ಚಾಗುವುದಿತ್ತು. ಮೊದಲ ಪುಟಕ್ಕೆ ಆಯ್ಕೆಯಾದದ್ದು ಹೊಲಿಗೆಯಾಕೆಯ ಪದ್ಯ:

ಹರಿದ ಅಂಗಿಗೆ ತೇಪೆ ಹಾಕಿದೆ
ಕರಿಯ ನೂಲಲಿ, ಬಿಳಿಯ ಬಟ್ಟೆಗೆ;
ಮರೆಯಲಾಗದ ಗಾಯ ಕಂಡರೆ
ಬೆರಳೆ ಕೇಳಿತು: ಯಾರ ಅಂಗಿದು?

ಹಿಂದಿನ ದಿನ ಮೇಷ್ಟ್ರಿಗೆ ಅಂಚೆಯಲ್ಲಿ ಒಂದು ಹಳದಿ ಹಾಳೆ ಬಂದಿತ್ತು. ಕಳಿಸಿದವರ ಹೆಸರಿರಲಿಲ್ಲ. ಹಾಳೆಯಲ್ಲಿ ಇದೇ ಪದ್ಯವಿತ್ತು. ಅಕ್ಷರ ಹತ್ತು ವರ್ಷದ ಹಿಂದೆ ತೀರಿಕೊಂಡ ಮೇಷ್ಟ್ರ ಅಣ್ಣನದು. ಅವರೂ ಕವಿ, ಪ್ರಾಸ ತಪ್ಪಿದರೆ ಊಟ ಸೇರದವರು. ಮೇಷ್ಟ್ರ ಮನೆಯಲ್ಲಿ ಅವರ ಹಳೆಯ ನೋಟ್‌ಬುಕ್ಕುಗಳಿದ್ದ ಕೋಣೆಗೆ ಹಿಂದೊಮ್ಮೆ ಹೊಲಿಗೆಯಾಕೆ ಕಿಟಕಿ ಪರದೆಯ ಅಳತೆಗೆಂದು ಹೋಗಿದ್ದಳು. ಮೇಷ್ಟ್ರು ಇಡೀ ತರಗತಿಯ ಮುಂದೆ, ಇನ್ನು ಇಲ್ಲಿಗೆ ಬರಬೇಡ ಎಂದುಬಿಟ್ಟರು. ಜೊತೆಗೆ ಕಲಿಯುತ್ತಿದ್ದ ಔಷಧಿ ಅಂಗಡಿಯವನು ತನಗೆ ಮೊದಲೇ ಅನುಮಾನವಿತ್ತು ಎಂದನಂತೆ. ಅವಳದು ಹೋದರೆ ಮೊದಲ ಪುಟಕ್ಕೆ ಬರುವುದು ಅವನ ಪದ್ಯವೇ.

"ಬೆಳಿಗ್ಗೆಯಿಂದ ಇಬ್ಬರು ಬಟ್ಟೆ ವಾಪಸ್ ತಗೊಂಡು ಹೋದ್ರು," ಎಂದಳು ಅವಳು. "ಪದ್ಯ ಕದ್ದೋಳು ಬಟ್ಟೆ ಕದಿಯಲ್ವಾ ಅಂತ."

ಪದ್ಯ ಬರೆದ ಮೊದಲ ಕಾಗದಗಳಿವೆಯೇ ಎಂದು ಅತ್ತಿಗೆ ಕೇಳಿದರು. ಅವಳು ಅಳತೆ ಚೀಟಿಗಳ ಕಟ್ಟೊಂದನ್ನು ಕೊಟ್ಟಳು. ಮುಂದೆ ಸೊಂಟ, ತೋಳು, ಭುಜ, ಹಿಂದೆ ಪದ್ಯ. ನಾಲ್ಕನೇ ಸಾಲಿಗೆ "ಕೊರಳೆ" ಎಂದು ಬರೆದು ಹೊಡೆದಿದ್ದಳು, "ನೆರಳೆ" ಎಂದು ಬರೆದು ಹೊಡೆದಿದ್ದಳು, ಕೊನೆಗೆ "ಬೆರಳೆ" ಎಂದು ಬರೆದಿದ್ದಳು. ಮೂರನೇ ಸಾಲಿನಲ್ಲಿ ಮಾತ್ರ "ಗಾಯ" ಎಲ್ಲೂ ಇರಲಿಲ್ಲ, ಎಲ್ಲ ಚೀಟಿಯಲ್ಲೂ "ನೋವು" ಎಂದಿತ್ತು. ನನಗೆ ಅವಳ ಮೇಲೇ ಅನುಮಾನ ಬಂತು. ಹಳದಿ ಹಾಳೆ ನೋಡಿ ಆಮೇಲೆ ತಿದ್ದಿಕೊಂಡಿರಬಾರದೇಕೆ? ಅವಳು ಹೋದ ಮೇಲೆ ಹಾಗೆಂದೆ. ಅತ್ತಿಗೆ ಚೀಟಿಗಳನ್ನು ಮತ್ತೆ ಕಟ್ಟಿಟ್ಟರು. ಅಚ್ಚಿನ ಮೊದಲ ಕರಡು ಬಂದಾಗ ಅವರು ಅವಳನ್ನು ಕರೆಸಿ ಏನೋ ಒಂದು ಪದ ಬದಲಿಸಿದ್ದು ನೆನಪಿತ್ತು. ಯಾವುದೆಂದು ನಾನು ಆಗ ಕೇಳಿರಲಿಲ್ಲ. ತಿದ್ದಿದ ಎರಡನೇ ಕರಡನ್ನು ನಾವಿಬ್ಬರೇ ಮೇಷ್ಟ್ರ ಮನೆಗೆ ಒಯ್ದು, ಮರುದಿನ ಸಹಿಯಾದ ಮೇಲೆ ತಂದಿದ್ದೆವು.

ಸಂಜೆ ಮತ್ತೆ ಆ ಮನೆಗೆ ಹೋದೆವು. ಮೇಷ್ಟ್ರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಪದ್ಯವೆಲ್ಲ ಚೊಕ್ಕವಾಗಿತ್ತು. ನಾಲ್ಕನೇ ಸಾಲಿನಲ್ಲಿ ಒಂದೇ ಒಂದು ಚಿತ್ತು: "ಕೈಯೆ" ಎಂಬುದನ್ನು ಹೊಡೆದು ಮೇಲೆ "ಬೆರಳೆ" ಎಂದು ಬರೆದಿತ್ತು. ಎರಡನೇ ಕರಡನ್ನು ಓದಿದವರು ಯಾರೆಂದು ಅತ್ತಿಗೆ ಕೇಳಿದರು. ಕಣ್ಣು ಸೋತದ್ದರಿಂದ ಮಗಳು ಗಟ್ಟಿಯಾಗಿ ಓದಿದಳು, ತಾನು ಕೇಳಿ ಸಹಿ ಹಾಕಿದೆ ಎಂದರು ಮೇಷ್ಟ್ರು. ಮಗಳೂ ಅದೇ ತರಗತಿಯವಳು. ನಿನ್ನ ಪದ್ಯದಲ್ಲಿ ಪ್ರಾಸ ಇರುತ್ತದೆಯೇ ಎಂದು ಅತ್ತಿಗೆ ಸುಮ್ಮನೆ ವಿಚಾರಿಸಿದರು.

"ಪ್ರಾಸ ನೋಡಿ ಪದ ಆರಿಸೋದು ಅಂದ್ರೆ ಬಣ್ಣ ನೋಡಿ ಮಾತ್ರೆ ನುಂಗಿದ ಹಾಗೆ," ಎಂದು ಅವಳು ನಕ್ಕಳು.

ಮರುದಿನ ಅತ್ತಿಗೆ ಎಲ್ಲರನ್ನೂ ವಾಚನಾಲಯಕ್ಕೆ ಕರೆಸಿದರು. ಔಷಧಿ ಅಂಗಡಿಯವನು ಬಾಗಿಲ ಹತ್ತಿರ ಕೂತ. ಹೊಲಿಗೆಯಾಕೆ ಕೂರಲೇ ಇಲ್ಲ.

ಅತ್ತಿಗೆ ಮೊದಲು "ಗಾಯ"ದ ಮಾತೆತ್ತಿದರು. "ಇವಳು ಬರೆದಿದ್ದು ‘ನೋವು’. ತರಗತಿಯಲ್ಲಿ ಓದಿದ್ದೂ ಅದೇ. ನೋವು ಕಣ್ಣಿಗೆ ಕಾಣಲ್ಲಮ್ಮ, ಗಾಯ ಕಾಣುತ್ತೆ ಅಂತ ಕರಡು ನೋಡುವಾಗ ಹೇಳಿದ್ದು ನಾನು. ಹತ್ತು ವರ್ಷದ ಹಿಂದೆ ತೀರಿಕೊಂಡವರ ಹಾಳೆಯಲ್ಲಿ ಅದೇ ಪದ ಇದ್ರೆ, ಕಳ್ಳಿ ನಾನೇ ಆಗಬೇಕು."

ಆ ಹಾಳೆ ಹುಟ್ಟಿದ್ದು ಎರಡನೇ ಕರಡು ಬಂದ ಮೇಲೆ ಎಂದು ಅವರು ವಿವರಿಸಿದರು. ಆ ಕರಡನ್ನು ಔಷಧಿ ಅಂಗಡಿಯವನು ಕಂಡೇ ಇಲ್ಲ. ನಮ್ಮನ್ನು ಬಿಟ್ಟರೆ ಅದು ಹೋದದ್ದು ಮೇಷ್ಟ್ರ ಮನೆಗೆ ಮಾತ್ರ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಿದ್ದದ್ದೂ ಅಲ್ಲೇ. ಮೇಷ್ಟ್ರು ಎದ್ದು ನಿಂತರು.

"ನಾನೇ ಮಾಡಿದೆ ಅಂತೀರಾ?" ಎಂದರು.

"ಇಲ್ಲ. ಚಿತ್ತು ನೋಡಿ. ಹರಿದ, ಕರಿಯ, ಮರೆಯ. ಮೂರು ಸಾಲಲ್ಲೂ ಎರಡನೇ ಅಕ್ಷರ ‘ರ’ಕಾರ. ಇವಳು ತಡಕಾಡಿದ್ದು ಕೊರಳು, ನೆರಳು, ಬೆರಳು. ಎಡವಿದ್ರೂ ಪ್ರಾಸದ ದಾರೀಲೇ ಎಡವಿದಾಳೆ. ಪ್ರಾಸ ಬಲ್ಲವನ ಕೈಗೆ ಅಲ್ಲಿ ‘ಕೈಯೆ’ ಬರೋದೇ ಇಲ್ಲ. ನಿಮ್ಮಣ್ಣನಿಗೂ ಬರಲ್ಲ, ನಿಮಗೂ ಬರಲ್ಲ. ಕವಿಯ ಕರಡಿನ ಹಾಗೆ ಕಾಣಲಿ ಅಂತ ಒಂದು ಪದ ಬರೆದು ಹೊಡೆದಿದಾರೆ. ಪ್ರಾಸಕ್ಕೆ ಬೆಲೆ ಕೊಡದವರು."

ಮೇಷ್ಟ್ರು ನಿಧಾನವಾಗಿ ಮಗಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. ದೊಡ್ಡಪ್ಪನೇ ತನಗೆ ಅಕ್ಷರ ತಿದ್ದಿಸಿದವರು, ಅವರ ಬರಹ ಕೈಗೆ ತಾನಾಗಿ ಬರುತ್ತದೆ ಎಂದಳು. ಆಮೇಲೆ ಅವಳ ದನಿ ಒಡೆಯಿತು.

"ಆರು ವರ್ಷದಿಂದ ನಿಮ್ಮ ಕ್ಲಾಸಲ್ಲಿ ಕೂತಿದ್ದೀನಿ ಅಪ್ಪ. ಎಲ್ಲರ ಪದ್ಯಾನೂ ತಿದ್ದಿದ್ರಿ, ಇವಳ ಮೊದಲ ಪದ್ಯಾನ ಮೊದಲ ಪುಟಕ್ಕೇ ಹಾಕಿದ್ರಿ. ನನ್ನದನ್ನ ಮಾತ್ರ ‘ಚೆನ್ನಾಗಿದೆ ಮಗಳೇ’ ಅಂತ ಪಕ್ಕಕ್ಕಿಟ್ರಿ. ಒಂದು ಸಾಲು ಹೊಡೆದುಹಾಕಿದ್ರೂ ಸಾಕಿತ್ತು."

"ಅಪ್ಪನ ಮೇಲೆ ಸಿಟ್ಟಿದ್ರೆ ಅಪ್ಪನ ಹತ್ರ ಜಗಳ ಆಡ್ಬೇಕಿತ್ತು," ಎಂದಳು ಹೊಲಿಗೆಯಾಕೆ. "ನನ್ನ ಹೊಟ್ಟೆ ಮೇಲೆ ಯಾಕೆ ಹೊಡೆದೆ?"

ಅವಳು ಕ್ಷಮಿಸಲಿಲ್ಲ. ಬಟ್ಟೆ ವಾಪಸ್ ಒಯ್ದ ಎರಡೂ ಮನೆಗೆ ಹೋಗಿ ನಡೆದದ್ದನ್ನು ನೀನೇ ಹೇಳಿ ಬಾ ಎಂದಳು. ಮೇಷ್ಟ್ರ ಮಗಳು ಹೋಗಿ ಹೇಳಿದಳು. ಒಬ್ಬಾಕೆ ಬಟ್ಟೆ ತಂದುಕೊಟ್ಟಳು, ಇನ್ನೊಬ್ಬಾಕೆ ಕೊಡಲಿಲ್ಲ.

ಮೇಷ್ಟ್ರು ಕೈಮುಗಿದು, ತರಗತಿ ಮುಚ್ಚಿಬಿಡುತ್ತೇನೆ ಎಂದರು. ಹೊಲಿಗೆಯಾಕೆ ಒಪ್ಪಲಿಲ್ಲ, ತನಗಿನ್ನೂ ಎರಡನೇ ಪದ್ಯ ಬರೆಯಲು ಬಂದಿಲ್ಲ ಎಂದಳು. ಮುಂದಿನ ವಾರ ಎಲ್ಲರೂ ಬಂದರು. ಮೇಷ್ಟ್ರು ಮಗಳ ಪದ್ಯವನ್ನು ಎರಡು ಸಲ ಓದಿ, ಕೊನೆಯ ಆರು ಸಾಲು ಬೇಡ ಎಂದರು. ಬೇಕು ಎಂದಳು ಮಗಳು. ಅವತ್ತು ಬೇರೆ ಯಾರ ಪದ್ಯಕ್ಕೂ ಸಮಯ ಸಿಗಲಿಲ್ಲ.